ನಮ್ಮ ನಕಾಶೆ ಎಲ್ಲಿ ನಿಲ್ಲುತ್ತದೆ?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಹೋದ ತಿಂಗಳು ಪೂಜ್ಯರು ನನ್ನನ್ನು ಕರೆದು, "ಮಾಸ್ತರ್ರ, ಮನೆತನದ ಚರಿತ್ರೆ, ಊರಿನ ಚರಿತ್ರೆ ಮಕ್ಕಳಿಗೆ ಹೆಂಗ ಹೇಳಬೇಕು ಅನ್ನೂದರ ಮ್ಯಾಲೆ ಬರುವ ಶಿವಾನುಭವದಾಗ ನೀವ ಮಾತಾಡ್ರಿ" ಎಂದರು. ಆಗಲಿ ಎಂದು ಒಪ್ಪಿಕೊಂಡು ಮನೆಗೆ ಬಂದೆ. ಬಂದ ಮೇಲೆ ಅಳುಕು ಶುರುವಾಯಿತು. ಬಸವಾದಿ ಶರಣರು ಹುಟ್ಟಿನ ಹಿರಿಮೆಯನ್ನು ಒಪ್ಪಿದವರಲ್ಲ. ಯಾರ ಮಗ, ಯಾವ ಕುಲ ಎಂದು ವಿಚಾರಿಸುವುದನ್ನೇ ಅವರು ಬಿಡಿಸಲು ನೋಡಿದರು. ಅವರ ಹೆಸರು ಹೇಳುವ ಮಠದಲ್ಲಿ ಕುಳಿತು ನಮ್ಮ ಅಜ್ಜ ಯಾರು, ಮುತ್ತಜ್ಜ ಯಾರು, ನಮ್ಮದು ಯಾವ ಬೆಡಗು ಎಂದು ಮಾತಾಡುವುದು ಸರಿಯೇ? ಮನೆತನದ ಚರಿತ್ರೆ ಎನ್ನುವ ಹೆಸರಿನಲ್ಲಿ ಕುಲದ ಹೆಮ್ಮೆಯನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆದುಕೊಂಡಂತೆ ಆಗುವುದಿಲ್ಲವೇ? ಈ ಪ್ರಶ್ನೆಯನ್ನು ನಿಮ್ಮ ಮುಂದೆ ಮೊದಲೇ ಇಟ್ಟಿದ್ದೇನೆ. ನನಗೆ ತಿಳಿದ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು ಎರಡು ಮೂರು ಪ್ರಸಂಗಗಳನ್ನು ಹೇಳಬೇಕು.

ನಾವೆಲ್ಲ ಮುಳುಗಡೆಯ ಮಂದಿ. ನಮ್ಮ ಹಳೇ ಊರು ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹೋಯಿತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ನಮ್ಮ ಹಿರಿಯರು ಅದನ್ನು ದೂರದ ಸುದ್ದಿ ಎಂದುಕೊಂಡಿದ್ದರು. ನೀರು ಬಾಗಿಲಿಗೆ ಬರಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಅಷ್ಟರಲ್ಲಿ ಒಂದು ತಲೆಮಾರು ಹೋಗಿ ಇನ್ನೊಂದು ಬಂದಿತ್ತು. ಪರಿಹಾರ ಪಡೆದೆವು, ಪುನರ್ವಸತಿ ಕೇಂದ್ರದಲ್ಲಿ ಪ್ಲಾಟು ಹಿಡಿದೆವು, ಮನೆ ಕಟ್ಟಿದೆವು. ಆ ಕಷ್ಟ ನಿಮಗೆಲ್ಲ ಗೊತ್ತು, ಅದನ್ನು ನಾನು ಹೇಳಬೇಕಾಗಿಲ್ಲ.

ಹೇಳಬೇಕಾದದ್ದು ಬೇರೆ ಇದೆ. ನಾನು ಇನ್ನೂ ನೌಕರಿಯಲ್ಲಿದ್ದಾಗ ಒಂಬತ್ತನೆಯ ತರಗತಿಯ ಮಕ್ಕಳಿಗೆ 'ನಮ್ಮ ಊರು' ಎಂಬ ಪ್ರಬಂಧ ಬರೆಯಲು ಕೊಟ್ಟಿದ್ದೆ. ಒಬ್ಬ ಹುಡುಗ ಬರೆದ: "ನಮ್ಮ ಊರು ಸರ್ಕಾರದವರು ಕಟ್ಟಿದ್ದು. ಇದರಲ್ಲಿ ಮೂರು ಬ್ಲಾಕುಗಳಿವೆ. ನಮ್ಮ ಊರಿಗೆ ಇತಿಹಾಸ ಇಲ್ಲ." ಅವನಿಗೆ ಎಷ್ಟು ಅಂಕ ಕೊಡಬೇಕೋ ತಿಳಿಯಲಿಲ್ಲ. ಅವನು ಬರೆದದ್ದರಲ್ಲಿ ತಪ್ಪು ಹುಡುಕುವುದು ಹೇಗೆ? ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಅಪ್ಪ ನನ್ನ ವಿದ್ಯಾರ್ಥಿ. ಅಂದಮೇಲೆ ಆ ತಪ್ಪಿನಲ್ಲಿ ನನ್ನದೂ ಪಾಲಿತ್ತು.

ನೀವು ಕೂಡಲಸಂಗಮಕ್ಕೆ ಹೋಗಿದ್ದೀರಿ. ಅಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಬರುತ್ತದೆಂದು ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯ ಹಾಗೆ ಎತ್ತರದ ಗೋಡೆ ಕಟ್ಟಿದ್ದಾರೆ. ಸುತ್ತಲೂ ನೀರು, ನಡುವೆ ಮೆಟ್ಟಿಲಿಳಿದು ಹೋದರೆ ಮಂಟಪ. ಅದನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದು ಇಷ್ಟೆ: ಉಳಿಸಬೇಕೆಂದು ಮನಸ್ಸು ಮಾಡಿದರೆ ನೀರಿನ ನಡುವೆಯೂ ಉಳಿಸಬಹುದು. ನಮ್ಮ ಊರಿಗೆ ಅಂಥ ಗೋಡೆಯನ್ನು ಸರ್ಕಾರ ಕಟ್ಟಲಾರದು. ಅದನ್ನು ನಾವೇ ಮಾತಿನಿಂದ, ಬರಹದಿಂದ ಕಟ್ಟಬೇಕು.

ಇದು ನಮ್ಮ ಸಮಾಜಕ್ಕೆ ಹೊಸ ಕೆಲಸವೇನಲ್ಲ. ಫ. ಗು. ಹಳಕಟ್ಟಿಯವರನ್ನು ನೆನೆಯೋಣ. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದವರು. ವಚನಗಳ ತಾಡೋಲೆ ಕಟ್ಟುಗಳು ಆಗ ಎಲ್ಲಿದ್ದವು? ಮಠಗಳಲ್ಲಿದ್ದವು, ಭಕ್ತರ ಮನೆಗಳಲ್ಲಿದ್ದವು. ದೇವರ ಜಗುಲಿಯ ಮೇಲೆ ವಿಭೂತಿ, ಪತ್ರೆ ಏರಿಸಿಕೊಂಡು ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ಕಡಿಮೆ. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಬಿಚ್ಚಿಸಿದರು, ನಕಲು ಮಾಡಿದರು, ಒಂದಕ್ಕೊಂದು ಹೋಲಿಸಿದರು. 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಹೊರಬಂತು. 1925ರಲ್ಲಿ ತಾವೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಅದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಈ ಹೊತ್ತು ನಾವು ಈ ಗೋಷ್ಠಿಯಲ್ಲಿ ವಚನ ಹಾಡಿ ಕುಳಿತಿದ್ದರೆ ಅದರ ಹಿಂದೆ ಆ ಮನುಷ್ಯನ ತಿರುಗಾಟ ಇದೆ.

ಪೂಜೆ ಮಾಡಿದರು, ಓದಲಿಲ್ಲ. ಈ ಮಾತನ್ನು ನಮ್ಮ ಮನೆಗಳಿಗೆ ಹೊಂದಿಸಿ ನೋಡಿ. ಪಡಸಾಲೆಯಲ್ಲಿ ಅಜ್ಜನ ಫೋಟೋ ಇದೆ. ಅಮಾವಾಸ್ಯೆಗೆ ಹೂ ಏರಿಸುತ್ತೇವೆ. ಅವರು ಏನು ದುಡಿದರು, ಯಾರ ಹತ್ತಿರ ಸಾಲ ಮಾಡಿದರು, ಯಾರಿಗೆ ಅನ್ಯಾಯ ಮಾಡಿದರು, ಯಾರನ್ನು ಕಷ್ಟದಲ್ಲಿ ಕೈಹಿಡಿದರು ಎಂದು ಮೊಮ್ಮಕ್ಕಳನ್ನು ಕೇಳಿದರೆ ಬಾಯಿ ಬಿಡುವುದಿಲ್ಲ. ಫೋಟೋವನ್ನೂ ನಾವು ತಾಡೋಲೆ ಕಟ್ಟಿನಂತೆಯೇ ಇಟ್ಟುಕೊಂಡಿದ್ದೇವೆ.

"ಮಾಸ್ತರ್ರ, ನಾವೇನು ದೇಸಾಯರಲ್ಲ, ನಮ್ಮಲ್ಲಿ ಕಾಗದ ಪತ್ರ ಏನೈತಿ?" ಎನ್ನುತ್ತೀರಿ. ಇದೆ. ಇವತ್ತು ಮನೆಗೆ ಹೋದ ಮೇಲೆ ಹಿತ್ತಾಳೆ ಕೊಡ, ತಾಮ್ರದ ಹಂಡೆ, ಪರಾತ ಇಳಿಸಿ ನೋಡಿ. ಮದುವೆಯಲ್ಲಿ ಆಹೇರಿ ಕೊಟ್ಟವರ ಹೆಸರು, ಊರು, ತಾರೀಖು ಕೊರೆಸಿರುತ್ತಾರೆ. ನಮ್ಮ ಮನೆಯ ಒಂದು ಕೊಡದ ಮೇಲಿನ ಹೆಸರಿನಿಂದ ನನ್ನ ಅಜ್ಜಿಯ ತವರೂರು ಯಾವುದೆಂದು ನನಗೆ ಗೊತ್ತಾಯಿತು. ಅಜ್ಜಿಯ ಊರನ್ನು ಮನೆಯಲ್ಲಿ ಯಾರೂ ನೆನಪಿಟ್ಟಿರಲಿಲ್ಲ, ಕೊಡ ನೆನಪಿಟ್ಟಿತ್ತು. ಹಳೆಯ ಲಗ್ನಪತ್ರಿಕೆಗಳಿವೆ. ಹೊಲದ ಉತಾರಗಳಿವೆ. ಅಂಗಡಿಕಾರರ ಮನೆಯಲ್ಲಿ ಕೀರ್ದಿ, ಖತಾವಣಿ ಇವೆ. ಮುಂಬಯಿ ಇಲಾಖೆಯ ಕಾಲದ ಕಾಗದಗಳು ಕೆಲವು ಮೋಡಿ ಲಿಪಿಯಲ್ಲಿರುತ್ತವೆ. ಓದಲು ಬಾರದೆಂದು ಒಲೆಗೆ ಹಾಕಬೇಡಿ, ಓದುವವರು ಇನ್ನೂ ಇದ್ದಾರೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಿಮ್ಮ ಅಜ್ಜನ ಹೆಸರು, ಹುಟ್ಟಿದ ತಾರೀಖು, ಶಾಲೆ ಬಿಟ್ಟ ಕಾರಣ ಇರುತ್ತದೆ. ಎಷ್ಟೋ ಹೆಸರುಗಳ ಮುಂದೆ 'ದನ ಕಾಯಲು' ಎಂದು ಬರೆದದ್ದನ್ನು ನಾನು ಓದಿದ್ದೇನೆ. ಎರಡು ಪದಗಳಲ್ಲಿ ಒಂದು ಜೀವನ ಚರಿತ್ರೆ.

ನಮ್ಮ ಅಡ್ಡಹೆಸರುಗಳನ್ನೇ ನೋಡಿ. ಗಾಣಿಗೇರ, ಕುಂಬಾರ, ಬಣಗಾರ, ಹಡಪದ, ಮಡಿವಾಳರ, ಜವಳಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ. ಹೊರಗಿನವರು ಕೇಳಿ ನಗುತ್ತಾರೆ. ನಗುವಂಥದ್ದೇನಿಲ್ಲ, ಅವು ಹಿರಿಯರು ಮಾಡಿದ ಕಾಯಕದ, ವ್ಯಾಪಾರದ ಗುರುತುಗಳು. ಡಾ. ಎಂ. ಎಂ. ಕಲಬುರ್ಗಿಯವರು ಊರು, ಮನುಷ್ಯರ ಹೆಸರುಗಳಲ್ಲಿ ಅಡಗಿದ ಚರಿತ್ರೆಯನ್ನು 'ಕನ್ನಡ ನಾಮವಿಜ್ಞಾನ' ಎಂದು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದರು. ನಮ್ಮ ಮಕ್ಕಳಿಗೆ ಮೊದಲ ಪಾಠ ಅವರವರ ಹೆಸರಿನಿಂದಲೇ ಶುರುವಾಗಬಹುದು.

ಹಿರಿಯರನ್ನು ಕೇಳುವಾಗ ಒಂದು ಜಾಣತನ ಬೇಕು. ಇಸವಿ ಕೇಳಿದರೆ ಅವರು ಹೇಳಲಾರರು. ಬರ, ಬೇನೆ, ಹೊಳೆ ಬಂದದ್ದು ಕೇಳಿ, ಹೇಳುತ್ತಾರೆ. "ಪ್ಲೇಗಿನಾಗ ಊರು ಬಿಟ್ಟು ಹೊಲದಾಗ ಗುಡಿಸಲಾ ಹಾಕಿದ್ವಂತ" ಎಂದರೆ ಅದು 1898ರ ನಂತರದ ಮಾತು; ಹುಬ್ಬಳ್ಳಿ ಧಾರವಾಡದ ಕಡೆ ಪ್ಲೇಗು ಬಂದದ್ದು ಆಗ. ಇನ್‌ಫ್ಲೂಯೆಂಜಾ ಎಂದರೆ 1918. ಸಂವತ್ಸರದ ಹೆಸರು ಹೇಳಿದರೆ ಎಚ್ಚರ ಬೇಕು. ಧಾತು ಸಂವತ್ಸರ, ಈಶ್ವರ ಸಂವತ್ಸರದ ದೊಡ್ಡ ಬರ ಎಂದರೆ 1876ರಿಂದ 1878ರ ಬರ. ಆದರೆ ಧಾತು ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. 1936ರಲ್ಲಿಯೂ ಬಂತು, 1996ರಲ್ಲಿಯೂ ಬಂತು. ಹೇಳಿದವರ ಅಜ್ಜನ ಕಾಲವೋ ಅಪ್ಪನ ಕಾಲವೋ ಎಂದು ಮತ್ತೆ ಕೇಳಿ ಗಟ್ಟಿ ಮಾಡಿಕೊಳ್ಳಬೇಕು. ಮಕ್ಕಳಿಗೆ ಇದು ಒಳ್ಳೆಯ ಲೆಕ್ಕದ ಪಾಠವೂ ಹೌದು.

ಇನ್ನು ನಮ್ಮ ಭಾಗದಲ್ಲಿ ಮನೆತನದ ಚರಿತ್ರೆಯನ್ನೇ ಕಾಯಕ ಮಾಡಿಕೊಂಡವರು ಇದ್ದಾರೆ, ಹೆಳವರು. ನಾನು ಸಣ್ಣವನಿದ್ದಾಗ ಅವರು ಎತ್ತಿನ ಮೇಲೆ ಕುಳಿತು ಬರುತ್ತಿದ್ದರು. ಬೆಳಗು ಹರಿಯುವ ಮೊದಲೇ ಗಂಟೆಯ ಸಪ್ಪಳ. ಬಾಗಿಲ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳುತ್ತಿದ್ದರು. ಯಾವ ಊರಿನಿಂದ ಯಾವ ಊರಿಗೆ ಬಂದಿರಿ, ಎಷ್ಟು ಮಂದಿ ಅಣ್ಣತಮ್ಮಂದಿರು, ಯಾರು ಬೇರೆಯಾದರು, ಎಲ್ಲವೂ ಬಾಯಿಪಾಠ. ಮರದ ತುಂಬ ಜೋಳ, ಬಟ್ಟೆ, ಕೈಲಾದವರು ಆಕಳ ಕರು ಕೊಡುತ್ತಿದ್ದರು. ಈಗ ಅವರೂ ಮೋಟಾರ್ ಸೈಕಲ್ ಮೇಲೆ ಬರುತ್ತಾರೆ, ದಪ್ಪ ಪುಸ್ತಕ ತರುತ್ತಾರೆ. ಊರು ಎದ್ದ ಮೇಲೆ ನಮ್ಮ ಮನೆಯ ಹೆಳವರು ಮೊದಲ ಸಲ ಬಂದಾಗ ಎರಡು ದಿನ ಬ್ಲಾಕು ಬ್ಲಾಕು ತಿರುಗಿ ಮನೆ ಹುಡುಕಿದರು. "ಹಳೇ ಊರಾಗ ಎತ್ತ ತಾನ ಬಾಗಲದಾಗ ನಿಲ್ಲತಿತ್ರಿ, ಇಲ್ಲಿ ನಾನ ದಾರಿ ತಪ್ಪಿದೆ" ಎಂದರು.

ಆ ದಿನ ಅವರು ನಮ್ಮ ವಂಶಾವಳಿ ಓದಿದರು. ಎಂಟು ತಲೆ. ನನಗೆ ಬಹಳ ಸಂತೋಷವಾಯಿತು. ನನ್ನ ಮಗಳು ಒಂದು ಪ್ರಶ್ನೆ ಕೇಳಿದಳು: "ಅಪ್ಪಾ, ಇದರಾಗ ದೊಡ್ಡತ್ತಿ ಹೆಸರ ಎಲ್ಲೈತಿ?" ದೊಡ್ಡತ್ತಿ ಎಂದರೆ ನಮ್ಮ ಅಪ್ಪನ ಅಕ್ಕ. ಹದಿನಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನ್ನ ಅವ್ವ ತೀರಿಕೊಂಡಾಗ ನಮ್ಮ ಐದು ಮಂದಿಯನ್ನು ಬೆಳೆಸಿದವಳು ಅವಳೇ. ಎಮ್ಮೆ ಕಟ್ಟಿ, ಬೆಣ್ಣೆ ಮಾರಿ ನನ್ನ ಟ್ರೇನಿಂಗ್ ಕಾಲೇಜಿನ ಫೀ ಕಟ್ಟಿದವಳು. ಅವಳಿಲ್ಲದಿದ್ದರೆ ನಾನು ಮಾಸ್ತರನಾಗುತ್ತಿರಲಿಲ್ಲ, ಇಲ್ಲಿ ನಿಂತು ಮಾತಾಡುತ್ತಲೂ ಇರಲಿಲ್ಲ. ಪುಸ್ತಕದಲ್ಲಿ ಅವಳು ಇರಲಿಲ್ಲ. ನಮ್ಮ ಅಪ್ಪನಿಗೆ ಅಕ್ಕ ಇದ್ದಳು ಎನ್ನುವ ಗುರುತೇ ಇರಲಿಲ್ಲ.

ಹೆಳವರನ್ನು ಕೇಳಿದೆ. "ಹೆಣ್ಣಮಕ್ಕಳ ಹೆಸರ ಬರಿಯೂ ರೂಢಿ ಇಲ್ರಿ ಸರ್. ಅವರು ಕೊಟ್ಟ ಮನಿಯವರು" ಎಂದರು. ಅವರನ್ನು ನಾನು ತಪ್ಪು ಎನ್ನುವುದಿಲ್ಲ. ಅವರು ನಮ್ಮ ಹಿರಿಯರು ಬರೆಸಿದ್ದನ್ನು ಬರೆದರು. ಬರೆಸಲಿಲ್ಲ ಎಂದರೆ ತಪ್ಪು ನಮ್ಮದು. "ಈಗ ಬರೀರಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಪಕ್ಕದಲ್ಲಿ ಕುಳಿತಿದ್ದ ನಮ್ಮ ಅಣ್ಣ, "ಯಾಕ ಸುಮ್ನ, ಇಲ್ಲದ ಪದ್ಧತಿ" ಎಂದ. ಅದೇ ಅಣ್ಣನೂ ಅವಳ ಕೈತುತ್ತು ಉಂಡು ಬೆಳೆದವನು. ಕೊನೆಗೆ ಹೆಳವರು ಪೆನ್ನು ತೆಗೆದು, ಅಪ್ಪನ ಹೆಸರಿನ ಮಗ್ಗಲಲ್ಲಿ ಜಾಗ ಇರಲಿಲ್ಲವಾಗಿ, ಹಾಳೆಯ ಅಂಚಿನಲ್ಲಿ ಅವಳ ಹೆಸರು ಬರೆದುಕೊಂಡರು. ಅಂಚಿನಲ್ಲಾದರೂ ಇದ್ದಾಳೆ.

ಶರಣೆಯರ ಚರಿತ್ರೆಯಲ್ಲಿಯೂ ಈ ಮಾತು ಇದೆ. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ನಮಗೆ ದೊರೆತಿವೆ. ಹನ್ನೆರಡನೆಯ ಶತಮಾನದಲ್ಲಿ ಕಸ ಗುಡಿಸುವ ಸತ್ಯಕ್ಕ, ನೂಲುವ ಕದಿರ ರೆಮ್ಮವ್ವೆ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ ವಚನ ಬರೆದರೆಂಬುದು ಜಗತ್ತಿಗೇ ಹೆಮ್ಮೆಯ ಮಾತು. ಆದರೆ ಅವರಲ್ಲಿ ಎಷ್ಟೋ ಮಂದಿ 'ಇಂಥವರ ಪುಣ್ಯಸ್ತ್ರೀ' ಎಂದೇ ನಮಗೆ ಬಂದು ತಲುಪಿದ್ದಾರೆ. ಶರಣರು ಬಾಯಿ ಕೊಟ್ಟರು. ನಂತರದವರು ಬರೆದುಕೊಳ್ಳುವಾಗ ಗಂಡನ ಹೆಸರಿನ ಕೆಳಗೆ ಬರೆದುಕೊಂಡರು. ಚರಿತ್ರೆ ಬರೆಯುವವರ ಕೈಯಲ್ಲಿ ಎಷ್ಟು ಶಕ್ತಿ ಇದೆ ನೋಡಿ.

ಈಗ ಊರಿನ ಚರಿತ್ರೆಗೆ ಬರುತ್ತೇನೆ. ನಾನು ಹೇಳಬೇಕೆಂದು ಬಂದ ಮುಖ್ಯ ಪ್ರಸಂಗ ಇದು.

'ನಮ್ಮ ಊರಿಗೆ ಇತಿಹಾಸ ಇಲ್ಲ' ಎಂದು ಆ ಹುಡುಗ ಬರೆದ ಮೇಲೆ ನಾನು ಮಕ್ಕಳಿಗೆ ಒಂದು ಕೆಲಸ ಹಚ್ಚಿದೆ. ಹಳೇ ಊರಿನ ನಕಾಶೆ ಬರೆಯುವುದು. ನಾಲ್ಕು ಡ್ರಾಯಿಂಗ್ ಹಾಳೆ ಅಂಟಿಸಿ ದೊಡ್ಡದು ಮಾಡಿಕೊಂಡೆವು. ಹಿರಿಯರನ್ನು ಮಠದ ಕಟ್ಟೆಗೆ ಕರೆದು ಕೂಡಿಸಿದೆವು. ಅವರಿಗೂ ಹುರುಪು ಬಂತು. ಅಗಸಿ ಬಾಗಿಲು, ಬಸವಣ್ಣನ ಗುಡಿ, ಚಾವಡಿ, ಮಠ, ಮೇಲಿನ ಓಣಿ, ಗಾಣಿಗೇರ ಓಣಿ, ಸಿಹಿನೀರ ಬಾವಿ, ಹೊಳೆಗೆ ಇಳಿಯುವ ದಾರಿ. ಯಾರ ಮನೆಯ ಮುಂದೆ ಬೇವಿನ ಗಿಡ, ಯಾರ ಮನೆಯ ಹಗೇವಿನಲ್ಲಿ ನೀರು ಹೊಕ್ಕಿತ್ತು, ಒಬ್ಬರು ಹೇಳಿದರೆ ಇನ್ನೊಬ್ಬರು ತಿದ್ದುತ್ತಿದ್ದರು. ಮೂರು ರವಿವಾರ ಈ ಕೆಲಸ ನಡೆಯಿತು. ಹಾಳೆ ತುಂಬುತ್ತ ಬಂತು. ಬಡಗಣ ಮೂಲೆ ಮಾತ್ರ ಖಾಲಿ ಉಳಿಯಿತು. ಅದು ಕೇರಿ. "ಅಲ್ಲಿ ಎಷ್ಟು ಮನಿ ಇದ್ವು?" ಎಂದು ಮಕ್ಕಳು ಕೇಳಿದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. "ಅಲ್ಲಿ ಕೇರಿ ಇತ್ತು. ಅಲ್ಲಿಂದ ಮುಂದ ನಮಗ ಗೊತ್ತಿಲ್ಲ" ಎಂದರು.

ಒಂದೇ ಊರು. ನೂರು ಹೆಜ್ಜೆಯ ದೂರ. ಎಂಬತ್ತು ವರ್ಷದ ಬಾಳು. ಗೊತ್ತಿಲ್ಲ.

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, "ಸರ್, ನಮ್ಮ ಮುತ್ಯಾನ್ನ ಕರಕೊಂಡ ಬರ್ಲ್ಯಾ? ಅವಂಗ ಎಲ್ಲಾ ಗೊತ್ತೈತ್ರಿ" ಎಂದಳು. ಕರೆದುಕೊಂಡು ಬಂದಳು. ನೋಡಿದರೆ ನಮ್ಮ ಮನೆಯಲ್ಲಿ ನಲವತ್ತು ವರ್ಷ ದುಡಿದವರು. ಅವರ ಮನೆಯವರ ಒಪ್ಪಿಗೆ ಪಡೆದೇ ಈ ಪ್ರಸಂಗ ಹೇಳುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ, ಹೇಳುವುದಿಲ್ಲ. ನನಗಿಂತ ಇಪ್ಪತ್ತೈದು ವರ್ಷ ಹಿರಿಯರು. ನಾನು ಹುಡುಗನಿದ್ದಾಗಿನಿಂದ ಅವರನ್ನು ಏಕವಚನದಲ್ಲಿ ಕರೆದವನು. ಆ ದಿನ ಮಕ್ಕಳ ಮುಂದೆ ಏನೆಂದು ಕರೆಯಬೇಕೋ ನನಗೆ ಬಾಯಿ ಬರಲಿಲ್ಲ. ಕೊನೆಗೆ "ಬರ್ರಿ ಕಾಕಾ, ಕುಂದರ್ರಿ" ಎಂದೆ. ಅವರು ನನ್ನ ಮುಖ ನೋಡಿದರು. ಕಟ್ಟೆಯ ಅಂಚಿಗೆ ಕುಳಿತರು.

ಅವರು ಹೇಳುತ್ತ ಹೋದರು, ಮೊಮ್ಮಗಳು ಬರೆಯುತ್ತ ಹೋದಳು. ಕೇರಿಯ ಹತ್ತೊಂಬತ್ತು ಮನೆ, ಪ್ರತಿ ಮನೆಯವರ ಹೆಸರು. ಅವರು ನೀರು ತರುತ್ತಿದ್ದ ಹಳ್ಳದ ಒರತೆ. ಅದರ ನಂತರ ನಮ್ಮ ಓಣಿಗಳು! ನಾವು ಬರೆದದ್ದರಲ್ಲಿ ಏಳು ತಪ್ಪು ತೋರಿಸಿದರು. ಯಾರ ಮನೆಯ ಹಿತ್ತಲ ಗೋಡೆ ಎಲ್ಲಿ, ಯಾರ ಗಟಾರದ ನೀರು ಎಲ್ಲಿಗೆ ಹೋಗುತ್ತಿತ್ತು, ಯಾವ ಹೊಲದಲ್ಲಿ ಯಾರ ಸಮಾಧಿ. ಸಮಾಧಿಯ ತಗ್ಗು ತೋಡಿದವರಲ್ಲಿ ಅವರೂ ಒಬ್ಬರು. ನಮ್ಮ ಮುತ್ತಜ್ಜನ ಗದ್ದುಗೆ ಬನ್ನಿಗಿಡದಿಂದ ಎಷ್ಟು ಮಾರು ದೂರ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು.

ಒಬ್ಬ ಹುಡುಗ ಹುರುಪಿನಿಂದ, "ಅಜ್ಜಾ, ನಮ್ಮ ಸರ್ ಮನಿ ಒಳಗಿಂದೂ ಬರಸ್ರಿ. ಅಡಿಗಿ ಮನಿ ಎಲ್ಲಿತ್ತು? ಜಗಲಿ ಎಲ್ಲಿತ್ತು?" ಎಂದ.

ಅವರು, "ಅದು ನನಗ ಗೊತ್ತಿಲ್ಲಪಾ. ನಾ ನೋಡಿದ್ದು ಗ್ವಾದಲಿ ತನಕ" ಎಂದರು.

ಸಿಟ್ಟಿನಿಂದ ಹೇಳಲಿಲ್ಲ. ಹೊಳೆ ಬಡಗಣಕ್ಕಿತ್ತು ಎಂದಷ್ಟೇ ಸಹಜವಾಗಿ ಹೇಳಿದರು. ನಲವತ್ತು ವರ್ಷ ನಮ್ಮ ದನಕ್ಕೆ ಮೇವು ಹಾಕಿದ ಗೋದಲಿಯ ತನಕ.

ಶರಣ ಬಂಧುಗಳೇ, ನಮ್ಮ ನಕಾಶೆ ಕೇರಿಯ ಅಂಚಿಗೆ ನಿಂತಿತ್ತು. ಅವರ ನಕಾಶೆ ನಮ್ಮ ಗೋದಲಿಗೆ ನಿಂತಿತ್ತು. ನಾವು ಹೋಗಲು ಇಷ್ಟಪಡಲಿಲ್ಲ, ಅವರಿಗೆ ಬರಲು ಬಿಡಲಿಲ್ಲ. ಎರಡೂ ಖಾಲಿ ಜಾಗಗಳು ಒಂದೇ ತೂಕದವಲ್ಲ. ನಮ್ಮ ಮನೆಯಲ್ಲಿ ಮೂರು ಹೊತ್ತು ಲಿಂಗಪೂಜೆ ಇತ್ತು. ಶ್ರಾವಣದಲ್ಲಿ ಪುರಾಣ ಹಚ್ಚಿಸುತ್ತಿದ್ದರು. ಮಠಕ್ಕೆ ವರ್ಷಕ್ಕೆ ಎರಡು ಚೀಲ ಜೋಳ ಹೋಗುತ್ತಿತ್ತು. ಹೆಳವರ ಪುಸ್ತಕದಲ್ಲಿ ಎಂಟು ತಲೆಯ ಹೆಸರಿತ್ತು. ಆ ಎಂಟು ತಲೆಯಲ್ಲಿ ಯಾರಿಗೂ ಇದು ಕಾಣಲಿಲ್ಲ.

ಆ ರಾತ್ರಿ ನಾಗಂದಿಗೆಯ ಮೇಲಿನ ಟ್ರಂಕು ಇಳಿಸಿ ನಮ್ಮ ಅಜ್ಜನ ಖತಾವಣಿ ತೆಗೆದೆ. ಅವರ ಹೆಸರಿನ ಪುಟ ಸಿಕ್ಕಿತು. ಜೋಳ ಇಷ್ಟು, ಕಂಬಳಿ ಒಂದು, ತಂಗಿಯ ಮದುವೆಗೆ ಕೈಗಡ ಇಷ್ಟು. ಕೆಳಗೆ ಬಾಕಿ. ಮುಂದಿನ ಪುಟಕ್ಕೆ ಬಾಕಿ ತಂದದ್ದು, ಅದರ ಮುಂದಿನ ಪುಟಕ್ಕೂ ತಂದದ್ದು. ಆ ಬಾಕಿ ಒಮ್ಮೆಯೂ ಸೊನ್ನೆ ಆಗಿಲ್ಲ. ಜೀತಪದ್ಧತಿ ರದ್ದತಿಯ ಕಾನೂನು ಬಂದದ್ದು 1976ರಲ್ಲಿ. ನಮ್ಮ ಖತಾವಣಿಯಲ್ಲಿ ಅದಾದ ಮೇಲೂ ಮೂರು ವರ್ಷ ಅದೇ ಲೆಕ್ಕ ಮುಂದುವರಿದಿದೆ. ತಲೆಬರಹ ಮಾತ್ರ 'ಸಂಬಳ' ಎಂದು ಬದಲಾಗಿದೆ. ಅಜ್ಜನ ಅಕ್ಷರ ಬಹಳ ದುಂಡಗೆ. ಸಣ್ಣವನಿದ್ದಾಗ ಆ ಅಕ್ಷರ ನೋಡಿ ನಾನು ಬರೆಯಲು ಕಲಿತಿದ್ದೆ.

ಈ ಪುಟದ ವಿಷಯ ಹೇಳಿದಾಗ ನಮ್ಮ ಬಳಗದವರೊಬ್ಬರು, "ಸತ್ತವರ ಮ್ಯಾಲೆ ಯಾಕ ಹೇಳತೀಯೋ? ಅಜ್ಜ ಎಷ್ಟ ಮಂದಿಗೆ ಅನ್ನ ಹಾಕ್ಯಾನ ಗೊತ್ತೈತೇನು?" ಎಂದು ಬೈದರು. ಗೊತ್ತಿದೆ. ಅನ್ನ ಹಾಕಿದ್ದೂ ನಿಜ. ಬರದ ವರ್ಷ ಹಗೇವು ತೆಗೆಸಿ ಊರಿಗೆ ಜೋಳ ಅಳೆದದ್ದು ನಿಜ. ಖತಾವಣಿಯೂ ನಿಜ. ಎರಡನ್ನೂ ಹೇಳಿದರೆ ಅಜ್ಜ ಒಬ್ಬ ಮನುಷ್ಯನಾಗಿ ಮೊಮ್ಮಕ್ಕಳಿಗೆ ಕಾಣುತ್ತಾನೆ. ಒಂದನ್ನೇ ಹೇಳಿದರೆ ಫೋಟೋ ಆಗಿ ಉಳಿಯುತ್ತಾನೆ.

ಈಗ ಮೊದಲು ಇಟ್ಟ ಪ್ರಶ್ನೆಗೆ ಬರೋಣ. ಕುಲ ಕೇಳಬಾರದೆಂದ ಶರಣರ ಮಾರ್ಗದಲ್ಲಿ ಮನೆತನದ ಚರಿತ್ರೆಗೆ ಜಾಗ ಇದೆಯೇ? ಇದೆ, ಬಸವಣ್ಣನವರೇ ತೋರಿಸಿದ್ದಾರೆ. ಅವರು ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವರು. ತಮ್ಮ ಹಿರಿಯರು ಯಾರು ಎಂದು ಹೇಳುವಾಗ ಮಾದಾರ ಚೆನ್ನಯ್ಯನವರನ್ನು, ಡೋಹರ ಕಕ್ಕಯ್ಯನವರನ್ನು ತಮ್ಮ ಮನೆಯವರ ಸಾಲಿನಲ್ಲಿ ನಿಲ್ಲಿಸಿಕೊಂಡರು. ತಮ್ಮ ವಂಶಾವಳಿಯನ್ನು ತಾವೇ ತಿದ್ದಿಕೊಂಡರು ಎನ್ನಿ. ಅನುಭವ ಮಂಟಪದ ಶರಣರ ಹೆಸರುಗಳೂ ಹಾಗೆಯೇ: ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ. ಕೈಯ ಕೆಲಸ ಹೆಸರಿನ ಮುಂದೆ ನಿಂತಿದೆ, ಕೆಲಸವನ್ನು ಮುಚ್ಚಿಟ್ಟವರು ಅವರಲ್ಲಿಲ್ಲ. ಹಾಗಾದರೆ ಶರಣ ಮಾರ್ಗದ ಮನೆತನದ ಚರಿತ್ರೆ ಎಂದರೆ ಯಾರ ಹೊಟ್ಟೆಯಲ್ಲಿ ಹುಟ್ಟಿದೆವು ಎಂಬುದರ ಜೊತೆಗೆ ಯಾರ ದುಡಿಮೆಯಿಂದ ಬೆಳೆದೆವು ಎಂಬುದರ ಲೆಕ್ಕ. ಆ ಲೆಕ್ಕದಲ್ಲಿ ನನ್ನ ಮನೆತನ ಎಂದರೆ ಎಂಟು ತಲೆಯ ಗಂಡಸರಷ್ಟೇ ಅಲ್ಲ. ಬೆಣ್ಣೆ ಮಾರಿದ ದೊಡ್ಡತ್ತಿ ಅದರಲ್ಲಿ ಬರಬೇಕು. ಗೋದಲಿಗೆ ಮೇವು ಹಾಕಿದ ಕಾಕಾ ಅದರಲ್ಲಿ ಬರಬೇಕು.

ಇನ್ನು ಮಾಡಬೇಕಾದ ಕೆಲಸ. ಪೂಜ್ಯರ ಮುಂದೆ ಮೂರು ಬಿನ್ನಹ ಮಾಡಿಕೊಳ್ಳುತ್ತೇನೆ.

ಮೊದಲನೆಯದು, ವರ್ಷದ ಹನ್ನೆರಡು ಶಿವಾನುಭವಗಳಲ್ಲಿ ಎರಡನ್ನು ಊರಿನ ಚರಿತ್ರೆಗೆ ಬಿಡಬೇಕು. ಹೊರಗಿನ ಉಪನ್ಯಾಸಕರು ಬೇಡ. ಒಂದು ಮನೆಯವರು ತಮ್ಮ ಮನೆಯ ಮಾತು ಹೇಳಲಿ. ಕೊಡ, ಕಾಗದ, ಫೋಟೋ ತಂದು ತೋರಿಸಲಿ. ಎಲ್ಲ ಓಣಿಯವರಿಗೂ ಸರದಿ ಬರಲಿ. ಕೇರಿಯವರು ಹೇಳುವ ದಿನ ಈ ಸಭಾಮಂಟಪ ಇವತ್ತಿನಷ್ಟೇ ತುಂಬಿರಲಿ.

ಎರಡನೆಯದು, ಮಠದಲ್ಲಿ ಒಂದು ವಹಿ ಇಡಬೇಕು. ಹೇಳಿದವರ ಹೆಸರು, ಹೇಳಿದ ದಿನ, ಬರೆದುಕೊಂಡವರ ಹೆಸರು ಹಾಕಿ ಬರೆಯಬೇಕು. ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆಯಬೇಕು, ನಾವು ಪಂಚಾಯ್ತಿ ಮಾಡುವುದು ಬೇಡ. ಹೆಣ್ಣುಮಕ್ಕಳ ಹೆಸರು, ಅವರ ತವರು, ಕೊಟ್ಟ ಮನೆ ಎರಡೂ ಇರಬೇಕು. ಇನ್ನೂರು ವರ್ಷದ ಹಿಂದೆ ಕರ್ನಲ್ ಮೆಕೆಂಜಿ ಎಂಬ ಇಂಗ್ಲಿಷ್ ಸರ್ಕಾರದ ಅಧಿಕಾರಿ ಊರೂರುಗಳ ಕೈಫಿಯತ್ತು ಬರೆಸಿದ. ಕನ್ನಡದ ಕೈಫಿಯತ್ತುಗಳನ್ನು ಕಲಬುರ್ಗಿಯವರು ಸಂಪಾದಿಸಿ ಕೊಟ್ಟಿದ್ದಾರೆ. ಅಮೂಲ್ಯವಾದ ಗ್ರಂಥ. ಆದರೆ ಅದರಲ್ಲಿ ಬಹುಪಾಲು ಅರಸು ಮನೆತನ, ಪಾಳೆಯಗಾರರು, ಗುಡಿ ಮಠಗಳ ಮಾತು. ಕೇಳಿದವರು ಯ���ರನ್ನು ಕೇಳಿದರೋ ಅವರ ಊರು ಕಾಗದಕ್ಕೆ ಬರುತ್ತದೆ. ನಮ್ಮ ವಹಿಯಲ್ಲಿ ಆ ಕೊರತೆ ಆಗಬಾರದು.

ಮೂರನೆಯದು ಮಕ್ಕಳಿಗೆ. ರಜೆಯಲ್ಲಿ ಪ್ರತಿಯೊಬ್ಬರೂ ಇಬ್ಬರು ಹಿರಿಯರನ್ನು ಮಾತಾಡಿಸಬೇಕು, ಒಬ್ಬರು ತಮ್ಮ ಮನೆಯವರು, ಇನ್ನೊಬ್ಬರು ಬೇರೆ ಓಣಿಯವರು. ಮೊಬೈಲಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ. ಮೊದಲು ಕೇಳಿ, "ಬರ್ಕೋಬಹುದೇನ್ರಿ?" ಅವರು ಬೇಡ ಎಂದರೆ ಮುಚ್ಚಿಬಿಡಿ. ಬದುಕಿರುವವರನ್ನು ನೋಯಿಸುವ ಗುಟ್ಟುಗಳಿರುತ್ತವೆ, ಹೊಲದ ತಕರಾರುಗಳಿರುತ್ತವೆ. ಅವನ್ನು ಕೆದರುವುದು ನಮ್ಮ ಕೆಲಸ ಅಲ್ಲ. ನಮ್ಮ ಮನೆಯ ತಪ್ಪನ್ನು ನಾವು ಹೇಳೋಣ, ಇನ್ನೊಬ್ಬರ ಮನೆಯದನ್ನು ಅವರೇ ಹೇಳಲಿ.

ಕೊನೆಯದಾಗಿ ಒಂದು ಮಾತು ಹೇಳಿ ಮುಗಿಸುತ್ತೇನೆ. ಆ ನಕಾಶೆ ಪೂರ್ತಿಯಾದ ಮೇಲೆ ನಾನು ಕಾಕಾನನ್ನು ನಮ್ಮ ಮನೆಗೆ ಪ್ರಸಾದಕ್ಕೆ ಕರೆದೆ. ಬಂದರು. ಒಳಗೆ ಕರೆದುಕೊಂಡು ಹೋದೆ, ಅಡುಗೆ ಮನೆಯ ಮುಂದೆ ಎಲ್ಲರೂ ಸಾಲಾಗಿ ಕುಳಿತು ಉಂಡೆವು. ನನ್ನ ಹೆಂಡತಿ ಬಡಿಸಿದಳು. ನನಗೆ ಏನೋ ಒಂದು ಸಾಧಿಸಿದ ಸಮಾಧಾನ. ಉಂಡಾದ ಮೇಲೆ ಅವರು ಸುತ್ತಲೂ ನೋಡಿ, "ಇದು ಹೊಸಾ ಮನಿ ಅಲ್ರಿ" ಎಂದರು. ಅಷ್ಟೇ ಅಂದದ್ದು.

ಹೌದು, ಇದು ಹೊಸ ಮನೆ. ಆ ಹಳೆಯ ಮನೆ ನೀರಿನ ಬುಡದಲ್ಲಿದೆ. ಅದರೊಳಗೆ ಅವರನ್ನು ಕರೆಯುವ ದಿನ ಇನ್ನು ಬರುವುದಿಲ್ಲ. ಈಗ ಅವರೂ ಇಲ್ಲ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಹಳೇ ಊರಿನ ಗೋಡೆಯ ಬುಡಗಳು ಕಾಣುತ್ತವೆ, ನಿಮ್ಮಲ್ಲಿ ಎಷ್ಟೋ ಮಂದಿ ನೋಡಲು ಹೋಗುತ್ತೀರಿ. ಈ ಸಲ ಹೋಗುವಾಗ ಮಕ್ಕಳನ್ನು ಕರೆದುಕೊಂಡು ಹೋಗೋಣ. ನಕಾಶೆ ತೆಗೆದುಕೊಂಡು ಹೋಗೋಣ. ಕೇರಿಯ ಮಕ್ಕಳೂ ನಮ್ಮ ಮಕ್ಕಳೂ ಕೂಡಿ ಅಗಸಿಯಿಂದ ನಡೆಯಲಿ. ನಮ್ಮ ಮನೆಯ ಹೊಸ್ತಿಲ ಕಲ್ಲು ಇನ್ನೂ ಅಲ್ಲೇ ಇದೆ. ಅದನ್ನು ಎಲ್ಲ ಮಕ್ಕಳೂ ದಾಟಿ ಒಳಗೆ ಹೋಗಲಿ, ಜಗುಲಿ ಎಲ್ಲಿತ್ತು, ಅಡುಗೆ ಮನೆ ಎಲ್ಲಿತ್ತು ಎಂದು ನಾನು ತೋರಿಸುತ್ತೇನೆ. ಆಮೇಲೆ ಕೇರಿಗೆ ಹೋಗೋಣ, ಹತ್ತೊಂಬತ್ತು ಮನೆಗಳ ಹೆಸರನ್ನು ಆ ಹುಡುಗಿ ತೋರಿಸುತ್ತಾಳೆ. ಅವಳು ಈಗ ಶಿಕ್ಷಕಿ, ಬರುತ್ತೇನೆ ಎಂದಿದ್ದಾಳೆ.